ಬ್ಲೂಸ್ ಜೂನಿಯರ್ ಆಂಪ್ ಬಳಸಿ ಆರು ವರ್ಷ ಆಯ್ತು

ಮೊದಲ ಒಂದು ವರ್ಷ ಈ ಆಂಪಿನ (ಗಿಟಾರಿನ ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆ) ದನಿ ನನಗೆ ಹಿಡಿಸಲೇ ಇಲ್ಲ. ಮಾರಿಬಿಡೋಣ ಅಂತ ಫೋಟೋ ಕೂಡ ತೆಗೆದಿದ್ದೆ. ತಪ್ಪು ಆಂಪಿನದಲ್ಲ, ನನ್ನದು ಅಂತ ತೋರಿಸಿಕೊಟ್ಟವರು ಗಿಟಾರ್ ಮುಟ್ಟಿಯೂ ಗೊತ್ತಿಲ್ಲದ ಒಬ್ಬ ರೇಡಿಯೋ ರಿಪೇರಿಯವರು.

ನನ್ನದು ಫೆಂಡರ್ ಬ್ಲೂಸ್ ಜೂನಿಯರ್ 4. 15 ವಾಟ್, 12 ಇಂಚಿನ ಒಂದು ಸ್ಪೀಕರ್, ಸುಮಾರು 14 ಕೆಜಿ ತೂಕ. ಒಳಗೆ ಐದು ವಾಲ್ವ್, ಅಂದರೆ ಹಳೇ ರೇಡಿಯೋಗಳಲ್ಲಿ ಇರುತ್ತಿದ್ದಂಥ ಗಾಜಿನ ಕೊಳವೆಗಳು. ಗಿಟಾರಿನ ಸಣ್ಣ ಸಿಗ್ನಲ್ಲನ್ನು ಮೊದಲು ಹಿಗ್ಗಿಸುವ ಪ್ರೀಆಂಪ್ ಕಡೆ ಮೂರು 12ಎಎಕ್ಸ್7, ಸ್ಪೀಕರನ್ನು ನಡೆಸುವ ಪವರ್ ಕಡೆ ಎರಡು ಇಎಲ್84. 2019ರಲ್ಲಿ ಅಮೆರಿಕದಿಂದ ಬರುವಾಗ ಭಾವ ತಂದುಕೊಟ್ಟರು. ಅದು ಅಲ್ಲಿನ 120 ವೋಲ್ಟ್ ಮಾಡೆಲ್. ಬೆಂಗಳೂರಿನ 230 ವೋಲ್ಟಿಗೆ ನೇರ ಹಾಕಿದರೆ ಸುಟ್ಟೇ ಹೋಗುತ್ತದೆ. ಎಸ್‌ಪಿ ರೋಡಿಗೆ ಹೋಗಿ, ವೋಲ್ಟೇಜ್ ಇಳಿಸಲು ಸಿಕ್ಕಿದ್ದರಲ್ಲಿ ಅಗ್ಗದ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ತಂದೆ.

ಆನ್ ಮಾಡಿದರೆ ಗುಂಯ್ ಅನ್ನುವ ಸದ್ದು ನಿಲ್ಲುತ್ತಲೇ ಇರಲಿಲ್ಲ. ಕೆಲವೊಮ್ಮೆ ಗಿಟಾರಿನ ತಂತಿ ಮುಟ್ಟಿದರೆ ಬೆರಳು ಜುಮ್ ಅನ್ನುತ್ತಿತ್ತು. ವಾಲ್ವ್ ಸರಿಯಿಲ್ಲ ಅಂದುಕೊಂಡೆ. ಐದನ್ನೂ ಬದಲಿಸಿದೆ. ದುಡ್ಡು ಹೋಯಿತು, ಗುಂಯ್ ಹೋಗಲಿಲ್ಲ.

ಕೊನೆಗೆ ಮಲ್ಲೇಶ್ವರದಲ್ಲಿ ಹಳೇ ರೇಡಿಯೋ ರಿಪೇರಿ ಮಾಡುವ ಯಜಮಾನರ ಹತ್ತಿರ ಹೊತ್ತುಕೊಂಡು ಹೋದೆ. ಹಿಂಬದಿ ಬಗ್ಗಿ ನೋಡಿ ನಕ್ಕರು. "ಇದು ನಮ್ಮ ರೇಡಿಯೋದಲ್ಲಿ ಇರ್ತಿದ್ದ ಇಎಲ್84 ಅಲ್ವೇನಪ್ಪಾ?" ಅಂದರು. 12ಎಎಕ್ಸ್7 ಅಂದರೆ ಅವರಿಗೆ ಅರ್ಥವಾಗಲಿಲ್ಲ. ಅವರ ಪಾಲಿಗೆ ಅದು ಇಸಿಸಿ83. ಎರಡೂ ಒಂದೇ, ಇಸಿಸಿ83 ಅನ್ನೋದು ಯುರೋಪಿನವರು ಇಟ್ಟ ಹೆಸರು. ನಮ್ಮ ಜಾಲಹಳ್ಳಿಯ ಸರ್ಕಾರಿ ಕಾರ್ಖಾನೆ ಬಿಇಎಲ್‌ನಲ್ಲೇ 1960ರ ದಶಕದಲ್ಲಿ ರೇಡಿಯೋ ವಾಲ್ವ್ ತಯಾರಾಗುತ್ತಿತ್ತು, ಗೊತ್ತಾ? ನನಗೂ ಅವತ್ತೇ ಗೊತ್ತಾಗಿದ್ದು.

ಅವರು ವಾಲ್ವ್ ಮುಟ್ಟಲೇ ಇಲ್ಲ. ಸ್ಟೆಪ್‌ಡೌನ್ ಕೈಗೆತ್ತಿಕೊಂಡು, "ಅರ್ಥ್ ಎಲ್ಲಪ್ಪಾ ಇದ್ರಲ್ಲಿ?" ಅಂದರು. ಎರಡೇ ಪಿನ್ನು! ಆಂಪಿಗೆ ಅರ್ಥಿಂಗ್ ಇಲ್ಲದೆ ಒಂದು ವರ್ಷ ನುಡಿಸಿದ್ದೇನೆ. ಈಗ ನೆನೆಸಿಕೊಂಡರೂ ಎದೆ ಧಸಕ್ ಅನ್ನುತ್ತದೆ. ಮೂರು ಪಿನ್ನಿನ, ದಪ್ಪ ವೈಂಡಿಂಗಿನ ಹೊಸದೊಂದನ್ನು ಅವರೇ ಸುತ್ತಿಕೊಟ್ಟರು. ಗುಂಯ್ ಮುಕ್ಕಾಲು ಪಾಲು ಅಲ್ಲೇ ಸತ್ತಿತು. ಇದನ್ನು ಓದಿ ನೀವೇ ಆಂಪ್ ಬಿಚ್ಚೋಕೆ ಹೋಗಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರ್‌ಗಳಲ್ಲಿ 300 ವೋಲ್ಟಿಗೂ ಮೇಲೆ ಉಳಿದಿರಬಹುದು.

ಎರಡನೇ ತಪ್ಪು ಇನ್ನೂ ಪೆದ್ದುತನದ್ದು. ಆಂಪನ್ನು ನೆಲದ ಮೇಲಿಟ್ಟು ಅದರ ಮುಂದೆಯೇ ನಿಂತು ನುಡಿಸುತ್ತಿದ್ದೆ. ಸ್ಪೀಕರಿನಿಂದ ಟ್ರೆಬಲ್, ಅಂದರೆ ದನಿಯ ಚೂಪಾದ ಮೇಲಿನ ಭಾಗ, ಟಾರ್ಚ್ ಬೆಳಕಿನ ಹಾಗೆ ನೇರ ಹೋಗುತ್ತದೆ. ಅದು ಹೋಗಿದ್ದು ನನ್ನ ಮೊಣಕಾಲಿಗೆ. ಕಿವಿಗೆ ಮಂಕಾಗಿ ಕೇಳುತ್ತಿತ್ತು, ನಾನು ಟ್ರೆಬಲ್ ಏರಿಸುತ್ತಿದ್ದೆ. ಎದುರು ಗೋಡೆಗೆ ಒರಗಿ ಕೂತ ಗೆಳೆಯ ಕಿವಿ ಮುಚ್ಚಿಕೊಳ್ಳುತ್ತಿದ್ದ. ಈಗ ಒಂದು ಮರದ ಸ್ಟೂಲಿನ ಮೇಲೆ ಸ್ವಲ್ಪ ಹಿಂದಕ್ಕೆ ವಾಲಿಸಿ ಇಡುತ್ತೇನೆ. ಟ್ರೆಬಲ್ 9ರಿಂದ 5ಕ್ಕೆ ಇಳಿಯಿತು.

ಇನ್ನು ನಾಬ್‌ಗಳು. ವಾಲ್ಯೂಮ್ ಅನ್ನೋದು ಪ್ರೀಆಂಪಿಗೆ, ಮಾಸ್ಟರ್ ಅನ್ನೋದು ಅದರ ಮುಂದಿನ ಪವರ್ ಭಾಗಕ್ಕೆ. ಅಕ್ಕಪಕ್ಕದವರಿಗೆ ಹೆದರಿ ವಾಲ್ಯೂಮ್ ಜಾಸ್ತಿ, ಮಾಸ್ಟರ್ ಕಮ್ಮಿ ಇಟ್ಟರೆ ದನಿ ನೊಣ ಗುಂಯ್‌ಗುಟ್ಟಿದಂತೆ ಸಣ್ಣಗಾಗುತ್ತದೆ. ಇಎಲ್84ಗಳಿಗೆ ಅಲ್ಲಿ ಕೆಲಸವೇ ಇಲ್ಲ. ಉಲ್ಟಾ ಮಾಡಿ. ಮಾಸ್ಟರ್ 8, ವಾಲ್ಯೂಮ್ 3ರ ಆಸುಪಾಸು, ಮಿಡಲ್ 7, ಬೇಸ್ 4. ಉಳಿದದ್ದನ್ನು ಗಿಟಾರಿನ ವಾಲ್ಯೂಮ್ ನಾಬ್ ನೋಡಿಕೊಳ್ಳುತ್ತದೆ. ಅದನ್ನು 6ಕ್ಕೆ ಇಳಿಸಿ ಮೆಲ್ಲಗೆ ಮೀಟಿದರೆ ತಿಳಿ ದನಿ. 10ಕ್ಕೆ ಏರಿಸಿ ಜೋರಾಗಿ ಮೀಟಿದರೆ ಅಂಚು ಸ್ವಲ್ಪ ಒಡೆದು, ಹಾಡುವವರ ಗಂಟಲು ಕಟ್ಟಿದ ಹಾಗೆ ಆಗುತ್ತದಲ್ಲ, ಆ ದನಿ. ಅದಕ್ಕೇ ಅಲ್ವಾ ವಾಲ್ವ್ ಆಂಪ್ ತಗೊಳ್ಳೋದು? ನಡುವೆ ದನಿ ಒಡೆಸಲೆಂದೇ ಎರಡು ಡಿಸ್ಟಾರ್ಷನ್ ಪೆಡಲ್ ಕೊಂಡಿದ್ದೆ. ಅಟ್ಟದ ಮೇಲಿವೆ.

ಇಷ್ಟೆಲ್ಲ ಆದ ಮೇಲೆ ಒಂದೇ ಒಂದು ವಾಲ್ವ್ ಬದಲಾವಣೆ ಕೆಲಸಕ್ಕೆ ಬಂತು. ಮೊದಲ 12ಎಎಕ್ಸ್7 ತೆಗೆದು ಅದೇ ಜಾಗಕ್ಕೆ ಕೂರುವ 5751 ಅನ್ನುವ ವಾಲ್ವ್ ಹಾಕಿದೆ. ಗೇನ್ (ಸಿಗ್ನಲ್ ಹಿಗ್ಗಿಸುವ ಪ್ರಮಾಣ) ನೂರಕ್ಕೆ ಎಪ್ಪತ್ತರಷ್ಟು ಆಗುತ್ತದೆ, ವಾಲ್ಯೂಮ್ ನಾಬ್ ತಿರುಗಿಸಲು ಜಾಗ ಸಿಗುತ್ತದೆ. ಇಎಲ್84 ಜೋಡಿಯನ್ನು 2022ರಲ್ಲಿ ಬದಲಿಸಿದೆ, ಬೇಸ್ ಸಡಿಲವಾಗಿತ್ತು. ಎರಡನ್ನೂ ಒಟ್ಟಿಗೇ, ಮ್ಯಾಚ್ ಮಾಡಿದ, ಅಂದರೆ ಅಳೆದು ಒಂದೇ ಥರ ಇರುವ ಜೋಡಿಯನ್ನೇ ಹಾಕಿ. ಪ್ರೀಆಂಪ್ ವಾಲ್ವ್ ಮೇಲೆ ಅನುಮಾನ ಬಂದರೆ ಪೆನ್ಸಿಲ್‌ನಿಂದ ಮೆಲ್ಲಗೆ ತಟ್ಟಿ. ಗಂಟೆ ಬಾರಿಸಿದಂತೆ ಸ್ಪೀಕರಿನಲ್ಲಿ ಕೇಳಿದರೆ ಅದು ಹಾಳಾಗಿದೆ.

ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಿಗೂ ಇದನ್ನೇ ಒಯ್ಯುತ್ತೇನೆ. ಸ್ಪೀಕರಿನ ಮುಂದೆ ಒಂದು ಮೈಕ್ ಇಟ್ಟರೆ ಸಾಕು. ಕೋನ್‌ನ ನಟ್ಟನಡುವೆ ಬೇಡ, ಎರಡು ಬೆರಳು ಪಕ್ಕಕ್ಕೆ. ಪೆಂಡಾಲಿನ ಸೀರಿಯಲ್ ಲೈಟ್ ಇರುವ ಲೈನಿನಿಂದ ಕರೆಂಟ್ ತಗೊಳ್ಳಬೇಡಿ. ಆಮೇಲೂ ಗಿಟಾರಿನ ಪಿಕಪ್ (ತಂತಿಯ ಕಂಪನ ಹಿಡಿಯುವ ಕಾಯಿಲ್) ಗುಂಯ್‌ಗುಟ್ಟಿದರೆ ನಿಂತ ಜಾಗದಲ್ಲೇ ಸ್ವಲ್ಪ ತಿರುಗಿ ನೋಡಿ, ಒಂದು ದಿಕ್ಕಿನಲ್ಲಿ ಕಮ್ಮಿಯಾಗುತ್ತದೆ. ಆನ್ ಇರುವಾಗ ಮಾತ್ರ ಆಂಪ್ ಎತ್ತಬೇಡಿ. ಪ್ರತಿಧ್ವನಿ ಕೊಡುವ ರಿವರ್ಬ್‌ನ ಸ್ಪ್ರಿಂಗ್ ಅಲುಗಾಡಿ ಗುಡುಗು ಬಡಿದ ಹಾಗಾಗುತ್ತದೆ. ಒಮ್ಮೆ ಮಂಗಳಾರತಿ ನಡುವೆ ಹೀಗೆ ಮಾಡಿ ಬೈಸಿಕೊಂಡಿದ್ದೇನೆ.

ಫ್ಲ್ಯಾಟಿನಲ್ಲಿ ರಾತ್ರಿ ನುಡಿಸುವವರು ಇದನ್ನು ತಗೊಳ್ಳಬೇಡಿ. ಹೆಡ್‌ಫೋನ್ ಜಾಕ್ ಇಲ್ಲ. 15 ವಾಟ್ ಅಂದರೆ ಸಣ್ಣದು ಅನಿಸುತ್ತದೆ, ಅಲ್ಲ. ವಾಟ್ ಹತ್ತನೇ ಒಂದಕ್ಕೆ ಇಳಿದರೂ ಕಿವಿಗೆ ಸದ್ದು ಸುಮಾರು ಅರ್ಧ ಅಷ್ಟೇ ಆಗೋದು. ನಾನು ಕೆಳಗಿನ ಮನೆ ಆಂಟಿ ಜೊತೆ ಒಪ್ಪಂದ ಮಾಡಿಕೊಂಡಿದ್ದೇನೆ. ಭಾನುವಾರ ಹನ್ನೊಂದರಿಂದ ಹನ್ನೆರಡು. ಹನ್ನೆರಡು ದಾಟಿ ಐದು ನಿಮಿಷವಾದರೆ ಪೊರಕೆ ಹಿಡಿಯಿಂದ ಕೆಳಗಿನ ಸೀಲಿಂಗಿಗೆ ಟಕ್ ಟಕ್ ಅಂತ ಕುಟ್ಟುತ್ತಾರೆ, ಅದೂ ತಾಳಕ್ಕೆ ಸರಿಯಾಗಿ.