ಕೆನೆಬಿಳುಪೋ ಕಡುಹಸಿರೋ: ಅಕ್ಕಪಕ್ಕದ ಎರಡು ಕೋಣೆಗಳ ಹೋಲಿಕೆ

ಮೈಸೂರಿನ ನಮ್ಮ ಹಳೆಯ ಮನೆಯಲ್ಲಿ ಅಕ್ಕಪಕ್ಕದಲ್ಲಿರುವ ಎರಡು ಕೋಣೆಗಳಿಗೆ ಕಳೆದ ವರ್ಷ ಬಣ್ಣ ಬಳಿಸಿದೆವು. ಒಂದಕ್ಕೆ ಕೆನೆಬಿಳುಪು, ಇನ್ನೊಂದಕ್ಕೆ ಕಡುಹಸಿರು. ಎರಡೂ 10 ಅಡಿ ಅಗಲ, 12 ಅಡಿ ಉದ್ದದವು; ಎರಡಕ್ಕೂ ರೆಡ್ ಆಕ್ಸೈಡ್ ನೆಲ, ಉತ್ತರಕ್ಕೆ ಒಂದೊಂದೇ ಕಿಟಕಿ. ಬಳಿಸಿದ್ದೂ ಒಂದೇ ದರ್ಜೆಯ, ಹೊಳಪಿಲ್ಲದ ಎಮಲ್ಷನ್.

ಕೆನೆಬಿಳುಪು ಶೇಡ್ ಕಾರ್ಡಿನಲ್ಲಿ ಕಂಡಂತೆ ಗೋಡೆಯ ಮೇಲೆ ಕಾಣಲಿಲ್ಲ. ತಿಳಿಬಣ್ಣವು ತನ್ನ ಮೇಲೆ ಬಿದ್ದ ಬೆಳಕಿನ ಬಹುಪಾಲನ್ನು ಮರಳಿಸುವುದರಿಂದ, ನೆಲದ ಕೆಂಪು ಗೋಡೆಗೆ ಏರಿ ಮೊಣಕಾಲೆತ್ತರದವರೆಗೆ ನಸುಗುಲಾಬಿಯಾಗಿ ಕಾಣುತ್ತದೆ. ವರ್ಷದ ಬಹುಪಾಲು ನೇರ ಬಿಸಿಲು ಬಾರದ ಕೋಣೆಯಾದ್ದರಿಂದ ಮೂಲೆಗಳು ಮಳೆಗಾಲದ ಮಧ್ಯಾಹ್ನ ಬೂದುಬಣ್ಣಕ್ಕೆ ತಿರುಗುತ್ತವೆ. ಬಿಳಿ ಬಳಿದರೆ ಕೋಣೆ ಬೆಳಗುತ್ತದೆಂಬ ಮಾತು ಅರ್ಧ ಮಾತ್ರ ನಿಜ. ಮರಳಿಸುವುದಕ್ಕೆ ಮೊದಲು ಬೆಳಕು ಒಳಗೆ ಬರಬೇಕಲ್ಲ!

ಕಡುಹಸಿರು ಕೋಣೆಯಲ್ಲಿ ಅದೇ ಮಬ್ಬು ದೋಷವಾಗಿ ಕಾಣುವುದಿಲ್ಲ. ಕೆಂಪಿಗೆ ಹಸಿರು ಎದುರುಬಣ್ಣವಾದ್ದರಿಂದ ನೆಲ ಇನ್ನಷ್ಟು ಕೆಂಪೇರಿದಂತಿದೆ, ರಾತ್ರಿ ಹಳದಿ ದೀಪದಡಿ ಪುಸ್ತಕ ಹಿಡಿದು ಕೂರಲು ನನಗಂತೂ ಈ ಕೋಣೆಯೇ ಹಿತ. ಆದರೆ ಅದಕ್ಕೆ ಬೆಲೆಯೂ ಉಂಟು. ತಿಳಿಬಣ್ಣಗಳಲ್ಲಿ ಗೋಡೆಯನ್ನು ಮುಚ್ಚುವ ಕೆಲಸವನ್ನು ಹೆಚ್ಚಾಗಿ ಮಾಡುವುದು ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ವರ್ಣದ್ರವ್ಯ. ಕಡುಬಣ್ಣ ತಯಾರಿಸಲು ಬಳಸುವ ‘ಬೇಸ್’ ಎಂಬ ಮೂಲ ಪೇಂಟಿನಲ್ಲಿ ಅದು ತೀರ ಕಡಿಮೆ. ಹಾಗಾಗಿ ಕೆನೆಬಿಳುಪಿಗೆ ಎರಡು ಕೋಟ್ ಸಾಕಾದರೆ, ಹಸಿರಿಗೆ ಮೂರು ಬೇಕಾಯಿತು. ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರಿಗೇ ಸ್ವಲ್ಪ ಬೂದು ಬೆರೆಸಿದ್ದರೆ ಒಂದು ಕೋಟ್ ಉಳಿಯುತ್ತಿತ್ತೇನೋ. ಪೇಂಟರ್ ಅದನ್ನು ಹೇಳಿದ್ದು ಕೆಲಸ ಮುಗಿದ ಮೇಲೆ.

ಕಿಟಕಿಯಿರುವ ಗೋಡೆಗೂ ಹಸಿರನ್ನೇ ಬಳಿಸಿದ್ದು ಮಾತ್ರ ನಮ್ಮದೇ ತಪ್ಪು. ಕಪ್ಪಗಿನ ಗೋಡೆಯ ನಡುವೆ ಹಗಲಿನ ಕಿಟಕಿ ಕಣ್ಣು ಕುಕ್ಕುತ್ತಿತ್ತು; ಕಡೆಗೆ ಆ ಒಂದು ಗೋಡೆಯನ್ನು ಕೆನೆಬಿಳುಪಿಗೆ ಬದಲಿಸಿದ ಮೇಲೆ ಕಣ್ಣಿಗೆ ಸಮಾಧಾನವಾಯಿತು.

ಬಾಳಿಕೆಯಲ್ಲಿ ಎರಡಕ್ಕೂ ಅದರದರ ಕಾಟವಿದೆ. ಬಿಳುಪಿನ ಮೇಲೆ ಎಣ್ಣೆ ಹಚ್ಚಿದ ತಲೆ ಒರಗಿದ ಗುರುತು ಉಳಿಯುತ್ತದೆ. ಹಸಿರಿನ ಮೇಲೆ ಕೈ ಸವರಿದ ಕಡೆಯೆಲ್ಲ ಹೊಳಪಿನ ಕಲೆ ಬೀಳುತ್ತದೆ. ತೇವಕ್ಕೆ ಗೋಡೆಯಿಂದ ಉಪ್ಪು ಒಡೆದರೆ, ಬಿಳುಪಿನಲ್ಲಿ ಅಡಗಿಹೋಗುವ ಆ ಬಿಳಿ ಪುಡಿ ಇಲ್ಲಿ ದೂರದಿಂದಲೇ ಕಾಣುತ್ತದೆ.

ಹಸಿರು ಕೋಣೆಯಲ್ಲಿ ಹಗಲು ಹೊತ್ತಿನಲ್ಲೂ ಸೂಜಿಗೆ ದಾರ ಪೋಣಿಸಲು ದೀಪ ಹಾಕಬೇಕು. ಅಮ್ಮ ತಮ್ಮ ಹೊಲಿಗೆ ಯಂತ್ರವನ್ನು ಎರಡನೆಯ ವಾರವೇ ಪಕ್ಕದ ಕೋಣೆಗೆ ಸಾಗಿಸಿಬಿಟ್ಟರು.