ಎಂಟು ವರ್ಷದ ಮಂಗಳವಾರಗಳು: ತಾಲ್ಲೂಕು ಆಸ್ಪತ್ರೆಯ ಮಾನಸಿಕ ಚಿಕಿತ್ಸೆ ಬಳಸಿದವನ ಅನುಭವ

ನನಗೆ ಬೈಪೋಲಾರ್ ಕಾಯಿಲೆ ಇದೆ, ಮನಸ್ಸು ಒಮ್ಮೆ ವಿಪರೀತ ಏರುವ, ಒಮ್ಮೆ ಕುಸಿಯುವ ಕಾಯಿಲೆ. ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದೇನೆ. ಎಂಟು ವರ್ಷದಿಂದ ನಮ್ಮ ತಾಲ್ಲೂಕು ಆಸ್ಪತ್ರೆಯ ಮಂಗಳವಾರದ ಮನೋಚೈತನ್ಯ ಎಂಬ ಮಾನಸಿಕ ಕಾಯಿಲೆಗಳ ಕ್ಲಿನಿಕ್‌ನಲ್ಲೇ ತೋರಿಸಿಕೊಂಡು ಬಂದಿದ್ದೇನೆ. ಸರ್ಕಾರಿ ಆಸ್ಪತ್ರೆಯಲ್ಲಿ ಇಂಥ ಕಾಯಿಲೆಗೆಲ್ಲ ಸರಿಯಾಗಿ ನೋಡ್ತಾರಾ ಎಂದು ಅಂಗಡಿಗೆ ಬಂದವರೇ ಮೆಲ್ಲಗೆ ಕೇಳುತ್ತಾರೆ. ಅವರಿಗೆ ನಿಂತ ನಿಲುವಿನಲ್ಲಿ ಹೇಳಿ ಮುಗಿಯದ್ದನ್ನು ಇಲ್ಲಿ ಬರೆದಿದ್ದೇನೆ.

ಮೊದಲ ಸಲ ಕಾಯಿಲೆ ಏರಿದಾಗ ಐದು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಸಾಲ ಮಾಡಿ ಬಟ್ಟೆಯ ಥಾನು ತಂದು ಮನೆ ತುಂಬಿಸಿದ್ದೆ. ಮನೆಯವರು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದರು. ಹುಷಾರಾದ ಮೇಲೆ ಅಲ್ಲಿನ ಡಾಕ್ಟರು ಚೀಟಿ ಬರೆದುಕೊಟ್ಟು, ಇನ್ನು ನಿಮ್ಮ ತಾಲ್ಲೂಕಿನಲ್ಲೇ ತೋರಿಸಿ ಅಂದರು. ಆಗ ಕೈಬಿಟ್ಟರೇನೋ ಅನ್ನಿಸಿತ್ತು. ಆದರೆ ಬೆಂಗಳೂರಿಗೆ ಒಮ್ಮೆ ಹೋಗಿಬಂದರೆ ಎರಡು ದಿನದ ದುಡಿಮೆ ಹೋಗುತ್ತದೆ, ಇಬ್ಬರ ಬಸ್ ಚಾರ್ಜು ಬೇರೆ. ಹಾಗೇ ನಡೆದಿದ್ದರೆ ವರ್ಷದೊಳಗೆ ಮಾತ್ರೆ ಬಿಟ್ಟಿರುತ್ತಿದ್ದೆ. ಮನೆ ಹತ್ತಿರದ ಚಿಕಿತ್ಸೆಯ ಈ ಆಲೋಚನೆಗೆ ನಮ್ಮ ರಾಜ್ಯದ್ದೇ ಬೇರು ಎಂದು ಆಮೇಲೆ ತಿಳಿಯಿತು. 1985ರಲ್ಲಿ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಇದನ್ನು ಮಾಡಿ ತೋರಿಸಿದ್ದರು. 1996ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾದದ್ದು ಆ ಮಾದರಿಯ ಮೇಲೇ.

ನಾನು ತೆಗೆದುಕೊಳ್ಳುವುದು ಲಿಥಿಯಂ. ಹಳೇ ಔಷಧಿ, ಬೆಲೆ ಕಡಿಮೆ, ನನಗೆ ಚೆನ್ನಾಗಿ ಹಿಡಿದಿದೆ. ಆದರೆ ರಕ್ತದಲ್ಲಿ ಅದರ ಮಟ್ಟ ಸ್ವಲ್ಪ ಮೇಲೇರಿದರೂ ವಿಷ. ಅದಕ್ಕೇ ಆಗಾಗ ರಕ್ತ ಪರೀಕ್ಷೆ ಆಗಲೇಬೇಕು. ಮೂತ್ರಪಿಂಡ, ಥೈರಾಯ್ಡ್ ಕೂಡ ನೋಡಿಸಬೇಕು. ಥೈರಾಯ್ಡ್ ಪರೀಕ್ಷೆ ನಮ್ಮಲ್ಲೇ ಆಗುತ್ತದೆ, ಲಿಥಿಯಂ ಮಟ್ಟದ್ದು ಆಗುವುದಿಲ್ಲ. ಜಿಲ್ಲಾ ಕೇಂದ್ರದ ಖಾಸಗಿ ಲ್ಯಾಬಿಗೆ ನನ್ನ ದುಡ್ಡಲ್ಲೇ ಹೋಗಬೇಕು. ಹಿಂದಿನ ರಾತ್ರಿಯ ಮಾತ್ರೆಗೂ ರಕ್ತ ಕೊಡುವುದಕ್ಕೂ 12 ಗಂಟೆ ಅಂತರ ಇರಬೇಕು ಎಂದು ಮೊದಲ ಎರಡು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಬೆಳಿಗ್ಗೆಯ ಮಾತ್ರೆ ನುಂಗಿಯೇ ಹೋಗಿ ರಕ್ತ ಕೊಟ್ಟು ಬರುತ್ತಿದ್ದೆ. ಮಾತ್ರೆ ಪುಕ್ಕಟೆ ಕೊಟ್ಟು, ಅದರ ಜೊತೆಗೇ ಬೇಕಾದ ಪರೀಕ್ಷೆ ಇಡದಿದ್ದರೆ ಅದು ಅರ್ಧ ಚಿಕಿತ್ಸೆ ಎಂದೇ ನನ್ನ ಅಭಿಪ್ರಾಯ.

ಒಂದು ಬೇಸಿಗೆಯಲ್ಲಿ ಕೈ ನಡುಕ ಜಾಸ್ತಿಯಾಯಿತು. ಸೂಜಿಗೆ ದಾರ ಪೋಣಿಸಲು ಮಗಳನ್ನು ಕರೆಯಬೇಕಾಯಿತು. ಜೊತೆಗೆ ಭೇದಿ, ನಡೆದರೆ ತೂರಾಟ. ಬಿಸಿಲಿಗೆ ಇರಬೇಕು ಅಂದುಕೊಂಡು ಸುಮ್ಮನಿದ್ದೆ. ಮಂಗಳವಾರ ಮಾತ್ರೆ ಕೊಡುವ ಕಿಟಕಿಯಲ್ಲಿ ಫಾರ್ಮಸಿಸ್ಟ್ ನನ್ನ ಕೈ ನೋಡಿ, "ಸೊಂಟನೋವು ಅಂತಿದ್ರಲ್ಲ, ಮೆಡಿಕಲ್‌ನಿಂದ ನೋವಿನ ಮಾತ್ರೆ ಏನಾದ್ರೂ ತಗೊಂಡ್ರಾ?" ಎಂದು ಕೇಳಿದರು. ಹೌದು, ಎರಡು ವಾರದಿಂದ ಡೈಕ್ಲೋಫೆನಾಕ್ ನುಂಗುತ್ತಿದ್ದೆ. ಆ ಜಾತಿಯ ನೋವಿನ ಮಾತ್ರೆ ಲಿಥಿಯಂ ಮಟ್ಟವನ್ನು ಏರಿಸುತ್ತದೆ, ಬೇಸಿಗೆಯಲ್ಲಿ ಬೆವರಿ ನೀರು ಕಡಿಮೆಯಾದರೂ ಏರುತ್ತದೆ. ಅವರು ಕ್ಯೂ ಬಿಡಿಸಿ ನನ್ನನ್ನು ಡಾಕ್ಟರ ಬಳಿ ಕರೆದುಕೊಂಡು ಹೋದರು. ಆ ದಿನ ಅವರು ಕೇಳದೇ ಇದ್ದಿದ್ದರೆ ನಾನು ಏನಾಗುತ್ತಿದ್ದೆನೋ. ಲಿಥಿಯಂ ತೆಗೆದುಕೊಳ್ಳುವವರೆಲ್ಲ ದಯವಿಟ್ಟು ಇದನ್ನು ನೆನಪಿಟ್ಟುಕೊಳ್ಳಿ.

ಡಾಕ್ಟರು ಮೂರು ನಿಮಿಷಕ್ಕಿಂತ ಹೆಚ್ಚು ನೋಡುವುದಿಲ್ಲ ಎಂಬ ದೂರು ನಿಜ. ನನ್ನ ಹಾಗೆ ಸ್ಥಿರವಾಗಿರುವವನಿಗೆ ಅಷ್ಟು ಸಾಕು. ಮೊದಲ ಸಲ ಬಂದವರಿಗೆ ಸಾಲದು. ಅದೂ ಹಿಂದೆ ನಿಂತವರು ಬೆನ್ನಿಗೆ ತಾಗುವಷ್ಟು ಇಕ್ಕಟ್ಟಿನ ಕೋಣೆಯಲ್ಲಿ ಒಬ್ಬ ಹೆಣ್ಣುಮಗಳು ಸಾಯುವ ಯೋಚನೆ ಬರುತ್ತದೆ ಎಂದು ಬಾಯಿಬಿಟ್ಟು ಹೇಳುವುದು ಹೇಗೆ? ಮಾತಿನ ಚಿಕಿತ್ಸೆ ಮಾಡುವ ಸೈಕಾಲಜಿಸ್ಟ್ ಹುದ್ದೆ ನಾನು ಕಂಡ ಎಂಟು ವರ್ಷದಲ್ಲಿ ಹೆಚ್ಚು ಕಾಲ ಖಾಲಿಯೇ ಇತ್ತು.

ರಾತ್ರಿ ಹೊತ್ತಿಗೆ ಈಗ ಟೆಲಿಮಾನಸ್ ಇದೆ, ಮನಸ್ಸಿನ ತೊಂದರೆಗೆ ಫೋನಿನಲ್ಲೇ ಮಾತಾಡುವ ಸರ್ಕಾರಿ ಸಹಾಯವಾಣಿ. 2022ರ ಅಕ್ಟೋಬರ್ 10ರಂದು ಶುರುವಾದದ್ದು, ನಂಬರ್ 14416, ದುಡ್ಡಿಲ್ಲ. ಒಮ್ಮೆ ರಾತ್ರಿ ಎರಡು ಗಂಟೆಗೆ ನನ್ನ ಹೆಂಡತಿ ಕರೆ ಮಾಡಿದಳು. ಆ ಕಡೆಯವರು ಕನ್ನಡದಲ್ಲೇ, ಅವಸರ ಮಾಡದೆ ಮಾತಾಡಿದರು. ನನಗಿಂತ ಅವಳಿಗೆ ಅದು ಹೆಚ್ಚು ಬೇಕಾಗಿತ್ತು.

ಮಾತ್ರೆ ಸ್ಟಾಕ್ ಇಲ್ಲ ಎಂಬ ಉತ್ತರ ವರ್ಷಕ್ಕೊಂದೆರಡು ಸಲ ಬರುತ್ತದೆ. ಮೊದಲು ತಲೆ ತಗ್ಗಿಸಿ ಬರುತ್ತಿದ್ದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಸೆಕ್ಷನ್ ಗೊತ್ತಾದ ಮೇಲೆ ಅರ್ಜಿ ಬರೆದು ಕೊಡುತ್ತೇನೆ. ಸಮುದಾಯ ಆರೋಗ್ಯ ಕೇಂದ್ರ ಮತ್ತು ಅದಕ್ಕಿಂತ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಅಗತ್ಯ ಔಷಧಿ ಪಟ್ಟಿಯ ಮಾನಸಿಕ ಕಾಯಿಲೆ ಮಾತ್ರೆಗಳು ಸದಾ, ಉಚಿತವಾಗಿ ಸಿಗಬೇಕು ಎಂದು ಅದರಲ್ಲಿದೆ. ಅರ್ಜಿ ಕೊಟ್ಟಾಗಲೆಲ್ಲ ಜಿಲ್ಲಾಸ್ಪತ್ರೆಯಿಂದ ತರಿಸಿಕೊಟ್ಟಿದ್ದಾರೆ.

ನನ್ನ ದೊಡ್ಡ ನೋವು ಬೇರೆಯೇ. ಮೂರನೇ ವರ್ಷ, ಎಲ್ಲ ಸರಿಹೋಯಿತು ಅಂದುಕೊಂಡು ಮಾತ್ರೆ ನಿಲ್ಲಿಸಿಬಿಟ್ಟೆ. ಮೂರು ತಿಂಗಳು ಕ್ಲಿನಿಕ್‌ಗೆ ಹೋಗಲಿಲ್ಲ. ರಿಜಿಸ್ಟರಿನಲ್ಲಿ ನನ್ನ ಹೆಸರು, ಊರು, ಫೋನ್ ನಂಬರ್ ಎಲ್ಲ ಇತ್ತು. ಒಬ್ಬರೂ ಯಾಕೆ ಬರಲಿಲ್ಲ ಎಂದು ಕೇಳಲಿಲ್ಲ. ಕಾಯಿಲೆ ಮತ್ತೆ ಏರಿ, ಅಂಗಡಿಯ ಎರಡು ಮಿಷನ್ ಮಾರಿಯಾದ ಮೇಲೆ ಪಕ್ಕದ ಮನೆ ಬಾಣಂತಿಯನ್ನು ನೋಡಲು ಬಂದ ಆಶಾ ಕಾರ್ಯಕರ್ತೆಯ ಕಣ್ಣಿಗೆ ಬಿದ್ದೆ. ಎಷ್ಟು ಜನ ಬಂದರು ಎಂಬ ಲೆಕ್ಕ ಪ್ರತಿ ತಿಂಗಳು ಮೇಲಕ್ಕೆ ಹೋಗುತ್ತದೆ. ಬರುವುದು ಬಿಟ್ಟವರ ಲೆಕ್ಕವನ್ನೂ ಕೇಳಲಿ. ಈ ಕಾಯಿಲೆಯಲ್ಲಿ ಜಾಸ್ತಿ ಹದಗೆಟ್ಟವನೇ ಬಾರದವನು.

ಹೋದ ವರ್ಷ ಬಂದ ಸಿಸ್ಟರ್ ಒಬ್ಬರು ತಾವೇ ಒಂದು ನೋಟ್‌ಬುಕ್ ಇಟ್ಟಿದ್ದಾರೆ. ಬಾರದವರ ಹೆಸರು ಬರೆದುಕೊಂಡು ಬುಧವಾರ ಫೋನ್ ಮಾಡುತ್ತಾರೆ. ಅವರಿಗೆ ವರ್ಗವಾದರೆ ಆ ಪುಸ್ತಕದ ಗತಿ ಏನು ಎಂದು ನನಗೆ ಚಿಂತೆ ಇದ್ದೇ ಇದೆ. ಕಳೆದ ತಿಂಗಳು ಅಕ್ಕನ ಮಗನ ಮದುವೆಗೆ ಹೋಗಿ ಮಂಗಳವಾರ ತಪ್ಪಿಸಿಕೊಂಡಿದ್ದೆ. ಬುಧವಾರ ಹನ್ನೊಂದಕ್ಕೆ ಫೋನ್ ಬಂತು. ಇನ್ನೂ ನಾಲ್ಕು ದಿನದ ಮಾತ್ರೆ ಇದೆ ಸಿಸ್ಟರ್ ಅಂದೆ. "ಶುಕ್ರವಾರದೊಳಗೆ ಬನ್ನಿ ಅಣ್ಣ, ನಿಮ್ಮದು ಎತ್ತಿಟ್ಟಿರ್ತೀನಿ" ಅಂದರು.