ಲಾಜಿಟೆಕ್ ಜಿ29 ಸ್ಟೀರಿಂಗ್ ಮತ್ತು ಪೆಡಲ್: ಕೆಲವು ವರ್ಷಗಳ ಬಳಕೆಯ ನಂತರ

ಕಾರು ಓಡಿಸುವ ವಿಡಿಯೊ ಆಟಗಳಿಗೆಂದೇ ಮಾಡಿದ ಈ ಜಿ29 ಕೊಳ್ಳಬಹುದೇ ಎಂದು ಯಾರಾದರೂ ಕೇಳಿದರೆ, ಅದನ್ನು ಎಲ್ಲಿ ಕೂರಿಸುತ್ತೀರಿ ಎಂದು ನಾನು ತಿರುಗಿ ಕೇಳುತ್ತೇನೆ. ಕಂಪ್ಯೂಟರ್ ಮೇಜಿಗೆ ಎಂಬುದು ಸಾಮಾನ್ಯವಾಗಿ ಬರುವ ಉತ್ತರ. ನಾನೂ ಇದನ್ನು ಬಹಳ ಕಾಲ ಮೇಜಿಗೆ ಬಿಗಿದು ಓಡಿಸಿದ್ದೇನೆ, ಆಮೇಲೆ ಕಬ್ಬಿಣದ ಚೌಕಟ್ಟಿಗೆ ಬೋಲ್ಟ್ ಹಾಕಿ ಓಡಿಸುತ್ತಿದ್ದೇನೆ. ಸ್ಟೀರಿಂಗ್ ಅದೇ, ಪೆಡಲ್ ಅದೇ. ಅನುಭವಕ್ಕೆ ಮಾತ್ರ ಅಜಗಜಾಂತರ. ಹಾಗಾಗಿ ಈ ವಿಮರ್ಶೆಯ ಅರ್ಧ ಭಾಗ ಉಪಕರಣದ ಬಗ್ಗೆ, ಉಳಿದರ್ಧ ಅದನ್ನು ಕೂರಿಸುವ ಬಗ್ಗೆ.

ಮೊದಲು ಉಪಕರಣ. ಜಿ29 ಮಾರುಕಟ್ಟೆಗೆ ಬಂದದ್ದು 2015ರಲ್ಲಿ, ಜಿ27ರ ಉತ್ತರಾಧಿಕಾರಿಯಾಗಿ. ಇದು ಪ್ಲೇಸ್ಟೇಷನ್ ಮತ್ತು ಕಂಪ್ಯೂಟರ್‌ಗೆ ಕೆಲಸ ಮಾಡುತ್ತದೆ. ಎಕ್ಸ್‌ಬಾಕ್ಸ್ ಇದ್ದವರು ಜಿ920 ಕೊಳ್ಳಬೇಕು. ಒಳಗಿನ ಯಂತ್ರ ಹೆಚ್ಚುಕಡಿಮೆ ಒಂದೇ. 2020ರಲ್ಲಿ ಬಂದ ಜಿ923 ಕೂಡ ಇದೇ ಕುಟುಂಬದ್ದು. ಆಟದ ಕಾರಿನ ಟೈರಿಗೆ ಬೀಳುವ ಬಲವನ್ನು ಕೈಗೆ ತಿಳಿಸಲು ಎರಡು ಮೋಟಾರುಗಳು ಓರೆಹಲ್ಲಿನ ಗೇರುಗಳ ಮೂಲಕ ಸ್ಟೀರಿಂಗ್ ದಂಡವನ್ನು ತಿರುಗಿಸುತ್ತವೆ. ಒಂದು ತುದಿಯಿಂದ ಇನ್ನೊಂದು ತುದಿಗೆ 900 ಡಿಗ್ರಿ, ಅಂದರೆ ಎರಡೂವರೆ ಸುತ್ತು. ಸ್ಟೀರಿಂಗ್ ಮೇಲೆ ಕೈಹೊಲಿಗೆಯ ಚರ್ಮ, ಹಿಂಬದಿಯಲ್ಲಿ ಗೇರು ಬದಲಿಸಲು ಉಕ್ಕಿನ ಪ್ಯಾಡಲ್‌ಗಳು.

ಕೈಗೆ ಸಿಗುವ ಭಾಗಗಳ ಬಾಳಿಕೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ. ಎಡಗೈ ಬಲಗೈ ಹಿಡಿಯುವಲ್ಲಿ ಚರ್ಮ ನುಣುಪಾಗಿ ಹೊಳೆಯುತ್ತಿದೆ, ಆದರೆ ಹೊಲಿಗೆ ಎಲ್ಲಿಯೂ ಬಿಟ್ಟಿಲ್ಲ. ಪ್ಯಾಡಲ್‌ಗಳು ಇಂದಿಗೂ ಮೊದಲಿನಷ್ಟೇ ಖಚಿತವಾಗಿ ಟಕ್ ಎನ್ನುತ್ತವೆ. ಬೆವರುವ ಕೈಯವರು ವಾರಕ್ಕೊಮ್ಮೆ ಹಿಂಡಿದ ಒದ್ದೆ ಬಟ್ಟೆಯಲ್ಲಿ ಒರೆಸಿ, ತಕ್ಷಣ ಒಣಬಟ್ಟೆಯಲ್ಲಿ ಒರೆಸಿದರೆ ಸಾಕು.

ಗೇರುಗಳಿಂದ ನಡೆಯುವ ಯಂತ್ರವಾದ್ದರಿಂದ ಸದ್ದು ಇದ್ದೇ ಇದೆ. ಟ್ರ್ಯಾಕ್‌ನ ಅಂಚಿನ ಕೆಂಪು ಬಿಳಿ ಕಟ್ಟೆಯ ಮೇಲೆ ಚಕ್ರ ಹತ್ತಿದಾಗ ಗೇರಿನ ಹಲ್ಲುಗಳು ಕಟಕಟ ಎನ್ನುತ್ತವೆ. ಹೆಡ್‌ಫೋನ್ ಹಾಕಿಕೊಂಡವನಿಗೆ ಅದು ಗೊತ್ತಾಗುವುದಿಲ್ಲ. ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ಚೆನ್ನಾಗಿಯೇ ಗೊತ್ತಾಗುತ್ತದೆ. ನಾವಿರುವುದು ಮಹಡಿಯ ಬಾಡಿಗೆ ಮನೆ, ಕೆಳಗೆ ಮಾಲೀಕರ ಕುಟುಂಬ. ಚೌಕಟ್ಟಿನ ಕಾಲುಗಳಡಿ ದಪ್ಪ ರಬ್ಬರ್ ತುಂಡುಗಳನ್ನು ಇಟ್ಟ ಮೇಲೆ ನೆಲಕ್ಕೆ ಇಳಿಯುವ ಕಂಪನ ಬಹಳ ಕಡಿಮೆಯಾಯಿತು. ಆದರೂ ರಾತ್ರಿ ಹತ್ತರ ನಂತರ ನಾನು ಇದನ್ನು ಮುಟ್ಟುವುದಿಲ್ಲ.

ಇನ್ನು ಕೂರಿಸುವ ಮಾತು. ಸ್ಟೀರಿಂಗ್ ಜೊತೆಗೇ ಬರುವ, ಮೇಜಿಗೆ ಬಿಗಿಯುವ ಹಿಡಿಕೆಗಳು ಒಳ್ಳೆಯವೇ. ಸಮಸ್ಯೆ ಇರುವುದು ಮೇಜಿನಲ್ಲಿ. ಮರದ ಪುಡಿಯನ್ನು ಒತ್ತಿ ಮಾಡಿದ ತೆಳುಹಲಗೆಯ ಮೇಜುಗಳು ತಿರುವಿನಲ್ಲಿ ಒಟ್ಟಿಗೇ ಅಲುಗಾಡುತ್ತವೆ. ಮೋಟಾರು ಕೈಗೆ ಹೇಳಬೇಕಾದ ಸಂಗತಿಯಲ್ಲಿ ಒಂದು ಪಾಲನ್ನು ಮೇಜೇ ನುಂಗಿಬಿಡುತ್ತದೆ. ಹಿಂದಿನ ಟೈರು ಜಾರಲು ಆರಂಭಿಸಿದೆ ಎಂಬ ಸೂಕ್ಷ್ಮ ಸುದ್ದಿ ಹೀಗೇ ಕಳೆದುಹೋಗುವುದು.

ಅದಕ್ಕಿಂತ ದೊಡ್ಡ ತೊಂದರೆ ಕೆಳಗಿದೆ. ಪೆಡಲ್ ಪೆಟ್ಟಿಗೆ ಮೂರು ಕಿಲೋ ದಾಟುತ್ತದೆ, ಅಡಿಯಲ್ಲಿ ಮಡಚಿ ತೆರೆಯುವ ಹಲ್ಲುಗಳ ಪಟ್ಟಿಯೂ ಇದೆ. ಆ ಹಲ್ಲುಗಳು ಕಚ್ಚುವುದು ಕಾರ್ಪೆಟ್ ಅನ್ನು. ನಮ್ಮ ಮನೆಗಳ ನೆಲ ಟೈಲ್ಸ್, ಗ್ರಾನೈಟ್, ಇಲ್ಲವೇ ಕಾವಿನೆಲ. ಬ್ರೇಕ್ ಒತ್ತಿದೊಡನೆ ಪೆಡಲ್ ಮುಂದಕ್ಕೆ, ಗಾಲಿಕುರ್ಚಿ ಹಿಂದಕ್ಕೆ. ಪೆಡಲ್ ಅನ್ನು ಗೋಡೆಗೆ ಒತ್ತಿ ಇಡಬಹುದು, ಆಗ ಕುರ್ಚಿ ಜಾರುತ್ತದೆ. ಕಾಲಿನ ಬಲ ಎರಡೂ ದಿಕ್ಕಿಗೆ ಸಮವಾಗಿ ಹೋಗುವುದರಿಂದ ಪೆಡಲ್ ಮತ್ತು ಆಸನ ಒಂದಕ್ಕೊಂದು ಕಟ್ಟಿಕೊಂಡಿರಬೇಕು. ಇದೊಂದನ್ನು ಅರ್ಥ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ.

ಖರ್ಚಿಲ್ಲದ ದಾರಿಯೆಂದರೆ ಗಾಲಿಯಿಲ್ಲದ ಗಟ್ಟಿ ಕುರ್ಚಿ ಮತ್ತು ಒಂದು ಉದ್ದನೆಯ ಪ್ಲೈವುಡ್ ಹಲಗೆ. ಕುರ್ಚಿಯ ಕಾಲುಗಳು ಹಲಗೆಯ ಒಂದು ತುದಿಯಲ್ಲಿ, ಪೆಡಲ್ ಇನ್ನೊಂದು ತುದಿಯಲ್ಲಿ. ಪೆಡಲ್‌ನ ಮುಂದೆ ಒಂದು ಮರದ ರೀಪು ಹೊಡೆದು ತಡೆ ಕೊಡಿ, ಕುರ್ಚಿಯ ಹಿಂಗಾಲುಗಳ ಹಿಂದೆ ಇನ್ನೊಂದು. ಕುಳಿತವರ ತೂಕವೇ ಹಲಗೆಯನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ಬಡಗಿಗೆ ಅರ್ಧ ಗಂಟೆಯ ಕೆಲಸ. ಬಹಳ ಜನರಿಗೆ ಇಷ್ಟೇ ಸಾಕು ಎಂದು ನಾನು ಪ್ರಾಮಾಣಿಕವಾಗಿ ನಂಬುತ್ತೇನೆ.

ನಾನು ವೆಲ್ಡಿಂಗ್ ಅಂಗಡಿಯವರೆಗೆ ಹೋದೆ. ಒಂದೂವರೆ ಇಂಚಿನ ಚೌಕ ಪೈಪು, ಗುಜರಿಯಲ್ಲಿ ಸಿಕ್ಕ ಹಳೆಯ ಕಾರಿನ ಸೀಟು, ಅದರ ಹಳಿಯ ಸಮೇತ. ಹಳಿ ಇದ್ದರೆ ಮನೆಯಲ್ಲಿ ಗಿಡ್ಡ ಕಾಲಿನವರೂ ಉದ್ದ ಕಾಲಿನವರೂ ಸೀಟನ್ನು ಹಿಂದೆ ಮುಂದೆ ಮಾಡಿಕೊಳ್ಳಬಹುದು, ಆದ್ದರಿಂದ ಬಿಡಬೇಡಿ. ಅಳತೆ ಬರೆದುಕೊಂಡ ವೆಲ್ಡರ್, "ಕಾಲಿಂದ ಒದೆಯುವ ಜಾಗಕ್ಕೆ ಇನ್ನೊಂದು ಅಡ್ಡಪಟ್ಟಿ ಹಾಕುತ್ತೇನೆ ಸರ್, ಇಲ್ಲದಿದ್ದರೆ ತಗಡು ಬಾಗುತ್ತದೆ" ಎಂದರು. ನನ್ನ ನಕ್ಷೆಯಲ್ಲಿ ಇಲ್ಲದ ಆ ಪಟ್ಟಿಯೇ ಇಡೀ ಚೌಕಟ್ಟಿನ ಜೀವ. ಸ್ಟೀರಿಂಗ್ ಮತ್ತು ಪೆಡಲ್ ಎರಡರ ತಳದಲ್ಲಿಯೂ ಬೋಲ್ಟಿಗೆ ರಂಧ್ರಗಳಿವೆ, ಎಂ6 ಅಳತೆಯವು. ಬೋಲ್ಟಿನ ಉದ್ದವನ್ನು ನೋಡಿಕೊಂಡು ಹಾಕಿಸಿ. ಹೆಚ್ಚು ಉದ್ದವಾದರೆ ಒಳಗಿನ ಪ್ಲಾಸ್ಟಿಕ್‌ಗೆ ತಾಗುತ್ತದೆ.

ಚೌಕಟ್ಟು ಬಂದ ಮೇಲೆಯೇ ನನಗೆ ಈ ಬ್ರೇಕ್ ಪೆಡಲ್ ಹಿಡಿಸಿದ್ದು. ಜಿ29ರ ಬ್ರೇಕ್ ಸ್ಪ್ರಿಂಗಿನೊಳಗೆ ಒಂದು ರಬ್ಬರ್ ಗಟ್ಟಿ ಇದೆ. ಅರ್ಧ ದಾರಿಯವರೆಗೆ ಪೆಡಲ್ ಸಲೀಸಾಗಿ ಇಳಿಯುತ್ತದೆ, ಆಮೇಲೆ ರಬ್ಬರಿಗೆ ತಾಗಿ ಇದ್ದಕ್ಕಿದ್ದಂತೆ ಬಿಗಿಯಾಗುತ್ತದೆ. ಬಹಳ ಜನ ಇದನ್ನು ಬೈದು, ರಬ್ಬರನ್ನು ಕಿತ್ತೋ ಕತ್ತರಿಸಿಯೋ ಹಾಕುತ್ತಾರೆ. ಜಾರುವ ಪೆಡಲ್ ಇದ್ದವರಿಗೆ ಅದು ಸಹಜ ಪ್ರತಿಕ್ರಿಯೆ, ಏಕೆಂದರೆ ಅಷ್ಟು ಬಲ ಹಾಕಲು ಅವರಿಗೆ ಆಧಾರವೇ ಇರುವುದಿಲ್ಲ. ಗಟ್ಟಿಯಾಗಿ ಕೂರಿಸಿದ ಮೇಲೆ ಅದೇ ರಬ್ಬರ್ ವರವಾಗುತ್ತದೆ. ಕಾಲಿಗೆ ದೂರಕ್ಕಿಂತ ಬಲವೇ ಚೆನ್ನಾಗಿ ನೆನಪಿರುತ್ತದೆ. ಈ ಪೆಡಲ್ ಅಳೆಯುವುದು ದೂರವನ್ನೇ ಆದರೂ, ರಬ್ಬರ್ ಇರುವುದರಿಂದ ಕಾಲು ಬಲದ ಲೆಕ್ಕದಲ್ಲಿ ಕಲಿಯುತ್ತದೆ. ಇಟಲಿಯ ಮೋನ್ಜಾ ರೇಸ್ ಟ್ರ್ಯಾಕ್‌ನ ನೇರ ದಾರಿಯ ಕೊನೆಯಲ್ಲಿ, ಮೊದಲ ತಿರುವಿಗೆ ಬ್ರೇಕ್ ಒತ್ತಿ, ಕಾರು ಒಳಕ್ಕೆ ತಿರುಗುತ್ತಿರುವಂತೆಯೇ ಕಾಲನ್ನು ಸ್ವಲ್ಪ ಸ್ವಲ್ಪವಾಗಿ ಸಡಿಲಿಸಬೇಕು. ಆ ಸಡಿಲಿಕೆ ಒಂದೊಂದು ಲ್ಯಾಪ್‌ನಲ್ಲೂ ಒಂದೇ ತೆರನಾಗಿ ಬರಲು ಆರಂಭವಾದಾಗ ಆಗುವ ಸಂತೋಷವೇ ಬೇರೆ.

ಇದರ ಜೊತೆಗೆ ಆಟದೊಳಗಿನ ಒಂದು ಸಂಖ್ಯೆಯನ್ನೂ ಸರಿಮಾಡಬೇಕು. ಅಸೆಟ್ಟೊ ಕೊರ್ಸಾ ಎಂಬ ಕಾರು ರೇಸಿನ ಆಟದಲ್ಲಿ ಬ್ರೇಕ್ ಗಾಮಾ ಎಂಬ ಹೊಂದಾಣಿಕೆ ಇದೆ. ಗಾಮಾ ಹೆಚ್ಚಿದಷ್ಟೂ ಪೆಡಲ್‌ನ ಆರಂಭದ ಭಾಗ ಮೃದುವಾಗುತ್ತದೆ. 2.4 ಇಟ್ಟರೆ, ನೀವು ಪೆಡಲ್ ಅನ್ನು ಶೇ 60ರಷ್ಟು ಇಳಿಸಿದಾಗ ಕಾರಿಗೆ ತಲುಪುವ ಬ್ರೇಕ್ ಶೇ 30ಕ್ಕಿಂತ ಕಡಿಮೆ. 1.5 ಇಟ್ಟರೆ ಅದೇ ಒತ್ತಡಕ್ಕೆ ಸುಮಾರು ಶೇ 46. ರಬ್ಬರ್ ಇರುವ ಈ ಪೆಡಲ್‌ಗೆ ಕಡಿಮೆ ಗಾಮಾ ಒಪ್ಪುತ್ತದೆ. ಸ್ಪ್ರಿಂಗ್ ಮಾತ್ರ ಉಳಿಸಿಕೊಂಡವರಿಗೆ ಹೆಚ್ಚಿನದು ಬೇಕಾಗಬಹುದು.

ಮೋಟಾರಿನ ಬಲದ ಬಗ್ಗೆ. ಲಾಜಿಟೆಕ್‌ನದೇ ಆದ ಜಿ ಹಬ್ ತಂತ್ರಾಂಶದಲ್ಲಿ 900 ಡಿಗ್ರಿಯನ್ನೇ ಇರಿಸಿ, ಸ್ಟೀರಿಂಗ್ ಅನ್ನು ಮಧ್ಯಕ್ಕೆ ಎಳೆಯುವ ಕೃತಕ ಸ್ಪ್ರಿಂಗನ್ನು ಪೂರ್ತಿ ಆರಿಸಿ. ಮಿಕ್ಕದ್ದನ್ನು ಆಟಕ್ಕೇ ಬಿಡಿ. ಆಟದಲ್ಲಿ ಬಲವನ್ನು ನೂರಕ್ಕೆ ಏರಿಸುವ ಆಸೆ ಎಲ್ಲರಿಗೂ ಆಗುತ್ತದೆ. ಅಸೆಟ್ಟೊ ಕೊರ್ಸಾದ ಪೆಡಲ್ ಕಿಟಕಿಯಲ್ಲಿ ಬಲವನ್ನು ತೋರಿಸುವ ಬೂದು ಪಟ್ಟಿ ಇದೆ. ಮೋಟಾರಿನ ಮಿತಿ ದಾಟಿದಾಗ ಅದು ಕೆಂಪಾಗುತ್ತದೆ. ಕೆಂಪಾಗಿರುವಷ್ಟು ಹೊತ್ತೂ ನಿಮ್ಮ ಕೈಗೆ ಸಿಗುವುದು ಒಂದೇ ಸಮನಾದ ಬಿಗಿ, ಟೈರಿನ ಸುದ್ದಿ ಇಲ್ಲ. ವೇಗದ ದೊಡ್ಡ ತಿರುವುಗಳಲ್ಲಿ ಆಗೊಮ್ಮೆ ಈಗೊಮ್ಮೆ ಕೆಂಪು ಮಿನುಗಿ ಮರೆಯಾಗುವ ಮಟ್ಟಕ್ಕೆ ಇಳಿಸಿದರೆ ಸರಿ.

ಎದುರು ತುದಿಯಲ್ಲಿ ಇನ್ನೊಂದು ಮಿತಿ ಇದೆ. ತೀರಾ ಸಣ್ಣ ಬಲಗಳಿಗೆ ಗೇರು ಮೋಟಾರುಗಳು ಅಲುಗುವುದೇ ಇಲ್ಲ, ಹಾಗಾಗಿ ನೇರ ದಾರಿಯಲ್ಲಿ ಸ್ಟೀರಿಂಗಿನ ನಡುಭಾಗ ಸತ್ತಂತಿರುತ್ತದೆ. ವ್ಹೀಲ್‌ಚೆಕ್ ಎಂಬ ಪುಟ್ಟ ಉಚಿತ ತಂತ್ರಾಂಶ ಹಂತಹಂತವಾಗಿ ಬಲ ಹಾಕಿ, ಸ್ಟೀರಿಂಗ್ ಎಷ್ಟು ತಿರುಗಿತು ಎಂದು ಅಳೆಯುತ್ತದೆ. ಆ ಅಳತೆಯಿಂದ ಒಂದು ತಿದ್ದುಪಡಿ ಕೋಷ್ಟಕ ತಯಾರಿಸಿ ಆಟಕ್ಕೆ ಕೊಟ್ಟರೆ ಸತ್ತ ನಡುಭಾಗಕ್ಕೆ ಜೀವ ಬರುತ್ತದೆ. ಅಳೆಯುವಾಗ ಸ್ಟೀರಿಂಗ್ ಮೇಲೆ ಕೈ ಇಡಬಾರದು. ಪರರ ಕೋಷ್ಟಕವನ್ನು ತಂದು ಹಾಕುವುದಕ್ಕಿಂತ ನಿಮ್ಮದನ್ನೇ ಅಳೆಯುವುದು ಉತ್ತಮ, ಏಕೆಂದರೆ ಸವೆದ ಗೇರುಗಳ ಲೆಕ್ಕ ಬೇರೆ ಇರುತ್ತದೆ.

ಆಟದಲ್ಲಿ ನೋಟದ ಕೋನವನ್ನೂ (ಫೀಲ್ಡ್ ಆಫ್ ವ್ಯೂ) ಪರದೆಯನ್ನು ಅಳತೆ ಮಾಡಿಯೇ ಇಡಿ. 27 ಇಂಚಿನ ಪರದೆಯ ಎತ್ತರ ಸುಮಾರು 34 ಸೆಂಟಿಮೀಟರ್. ಕಣ್ಣಿನಿಂದ 60 ಸೆಂಟಿಮೀಟರ್ ದೂರದಲ್ಲಿದ್ದರೆ ಮೇಲಿನಿಂದ ಕೆಳಗಿನವರೆಗಿನ ನೋಟದ ಕೋನ ಸುಮಾರು 31 ಡಿಗ್ರಿ ಬರುತ್ತದೆ. ಮೊದಲಿಗೆ ಕೊಳವೆಯೊಳಗಿಂದ ನೋಡಿದಂತೆ ಇಕ್ಕಟ್ಟೆನಿಸುತ್ತದೆ, ವೇಗವೂ ಕಡಿಮೆ ಎನಿಸುತ್ತದೆ. ಆದರೆ ತಿರುವು ನಿಜವಾಗಿ ಎಷ್ಟು ದೂರವಿದೆ ಎಂಬುದು ಕಣ್ಣಿಗೆ ಸರಿಯಾಗಿ ಕಾಣುವುದು ಆಗಲೇ. ಕಬ್ಬಿಣದ ಚೌಕಟ್ಟಿನ ಇನ್ನೊಂದು ಲಾಭವೂ ಇಲ್ಲಿದೆ: ಸ್ಟೀರಿಂಗ್ ಮೇಜಿನಿಂದ ಇಳಿದದ್ದರಿಂದ ಪರದೆಯನ್ನು ಹತ್ತಿರಕ್ಕೆ ಎಳೆದುಕೊಳ್ಳಬಹುದು.

ಧೂಳು ಪೆಡಲ್‌ಗಳ ಶತ್ರು. ಇವುಗಳೊಳಗೆ ಇರುವುದು ಪೊಟೆನ್ಶಿಯೋಮೀಟರ್, ಅಂದರೆ ಉಜ್ಜುತ್ತಾ ಅಳೆಯುವ ಭಾಗ. ಹೀಗೆ ಉಜ್ಜಿ ಅಳೆಯುವ ಯಾವ ಪೆಡಲ್‌ನಲ್ಲೇ ಆಗಲಿ ಧೂಳು ಸೇರಿದರೆ ಕಾಲು ಅಲುಗದಿದ್ದರೂ ಪರದೆಯ ಪಟ್ಟಿ ನಡುಗುತ್ತದೆ. ವಿದ್ಯುತ್ ಸಂಪರ್ಕಗಳನ್ನು ಶುಚಿಮಾಡುವ ಸ್ಪ್ರೇ ಒಂದೆರಡು ಹನಿ ಬಿಟ್ಟು ಪೆಡಲ್ ಅನ್ನು ಮೇಲೆ ಕೆಳಗೆ ಆಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಡದಿದ್ದಾಗ ಮೇಲೊಂದು ಹಳೆಯ ಪಂಚೆ ಹೊದಿಸುತ್ತೇನೆ.

ಯಾವ ಆಟಕ್ಕೆ ಇದು ಚೆನ್ನ? ಯುರೋ ಟ್ರಕ್ ಸಿಮ್ಯುಲೇಟರ್ 2ಕ್ಕೆ 900 ಡಿಗ್ರಿ ಹೇಳಿ ಮಾಡಿಸಿದಂತಿದೆ. ಕ್ಲಚ್ ಪೆಡಲ್ ಇದ್ದರೂ ಕೈಗೇರು ಜೊತೆಗೆ ಬರುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಟ್ರಕ್ ಓಡಿಸುವವರು ಕೊಳ್ಳಿ, ಬರೀ ಟ್ರ್ಯಾಕ್ ಓಡಿಸುವವರಿಗೆ ಪ್ಯಾಡಲ್ ಸಾಕು. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಯಲ್ಲಿ ರ‍್ಯಾಲಿ ಕಾರುಗಳು ಅಡ್ಡಡ್ಡವಾಗಿ ಹೋಗುವುದನ್ನು ಕಂಡು ಆಸೆಪಟ್ಟವರಿಗೆ ಡರ್ಟ್ ರ‍್ಯಾಲಿ 2.0 ಇದೆ. ಅದಕ್ಕೆ ಮಾತ್ರ ನಾನು 540 ಡಿಗ್ರಿಗೆ ಇಳಿಸುತ್ತೇನೆ. ಮಣ್ಣಿನಲ್ಲಿ ಕೈ ಬೇಗ ತಿರುಗಬೇಕು.

ನೇರವಾಗಿ ಮೋಟಾರಿಗೇ ಜೋಡಿಸಿದ ಹೊಸ ಬಗೆಯ ಸ್ಟೀರಿಂಗ್‌ಗಳನ್ನೂ ಗೆಳೆಯರ ಮನೆಯಲ್ಲಿ ಹಿಡಿದು ನೋಡಿದ್ದೇನೆ. ಮೌನ, ಮೃದುತ್ವ, ಬಲ ಮೂರರಲ್ಲೂ ಅವು ಬಹಳ ಮುಂದಿವೆ. ಹಣವಿದ್ದವರು ಕೊಳ್ಳಲಿ. ಆದರೆ ಸೀಮಿತ ಹಣವನ್ನು ಹಂಚಬೇಕಾದವರಿಗೆ ನನ್ನ ಸಲಹೆ ಸ್ಪಷ್ಟ: ಅಲುಗುವ ಮೇಜಿನ ಮೇಲಿನ ದುಬಾರಿ ಸ್ಟೀರಿಂಗ್‌ಗಿಂತ ಗಟ್ಟಿ ಚೌಕಟ್ಟಿನ ಮೇಲಿನ ಜಿ29 ಮೇಲು. ಅದಾದ ಮೇಲೂ ಹಣ ಕೂಡಿದರೆ, ಸ್ಟೀರಿಂಗ್‌ಗಿಂತ ಮೊದಲು ಬಲವನ್ನೇ ಅಳೆಯುವ ಬ್ರೇಕ್ ಪೆಡಲ್ ಕೊಳ್ಳಿ.

ಜಿ29 ಹಳೆಯ ಮಾದರಿಯಾದ್ದರಿಂದ ಬಳಸಿದ್ದು ಧಾರಾಳವಾಗಿ ಸಿಗುತ್ತದೆ. ಕೊಳ್ಳುವ ಮುನ್ನ ವಿದ್ಯುತ್ ಕೊಟ್ಟು, ಕಂಪ್ಯೂಟರ್‌ಗೆ ಜೋಡಿಸಿ ನೋಡಿ: ಸ್ಟೀರಿಂಗ್ ತಾನಾಗಿಯೇ ಎರಡೂ ತುದಿಗೆ ತಿರುಗಿ ಮಧ್ಯಕ್ಕೆ ಬಂದು ನಿಲ್ಲಬೇಕು. ವಿಂಡೋಸ್‌ನ ಗೇಮ್ ಕಂಟ್ರೋಲರ್ ಕಿಟಕಿಯಲ್ಲಿ ಮೂರೂ ಪೆಡಲ್‌ಗಳನ್ನು ನಿಧಾನವಾಗಿ ಒತ್ತಿ, ಪಟ್ಟಿಗಳು ನಡುಗದೆ ಏರಿ ಇಳಿಯುತ್ತವೆಯೇ ಗಮನಿಸಿ. ಪೆಡಲ್ ತಂತಿಯ ಒಂಬತ್ತು ಕಡ್ಡಿಗಳ ಪ್ಲಗ್‌ನಲ್ಲಿ ಯಾವುದೂ ಬಾಗಿರಬಾರದು. ಅಡಾಪ್ಟರ್ 24 ವೋಲ್ಟಿನದೇ ಎಂದು ಅದರ ಮೇಲಿನ ಬರಹ ಓದಿ ಖಚಿತಪಡಿಸಿಕೊಳ್ಳಿ. ಮೇಜಿಗೆ ಬಿಗಿಯುವ ಎರಡೂ ಹಿಡಿಕೆಗಳು ಪೆಟ್ಟಿಗೆಯಲ್ಲಿ ಇವೆಯೇ ಎಂದೂ ನೋಡಿಕೊಳ್ಳಿ. ಚೌಕಟ್ಟು ಸಿದ್ಧವಾಗುವವರೆಗೆ ಅವು ಬೇಕಾಗುತ್ತವೆ.